ಬಾಯ್ಲರ್ ಪಕ್ಕದ ಆ ಹಿಡಿಕೆ

ಆಸ್ಟ್ರಿಯಾದ ಹಳ್ಳಿಮನೆಯೊಂದರ ನೆಲಮಾಳಿಗೆಗೆ ಚಳಿಗಾಲದಲ್ಲಿ ಇಳಿದರೆ, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದು ಸಣ್ಣಗೆ ಗುಂಯ್ ಅನ್ನುತ್ತಾ ನಿಂತಿರುವುದು ಕಾಣಬಹುದು. ಪಕ್ಕದಲ್ಲಿ ಸೌದೆ ರಾಶಿ. ಅದು ಮನೆಯನ್ನು ಬೆಚ್ಚಗಿಡುವ ಬಾಯ್ಲರ್. ಅದರ ಮಗ್ಗುಲಿಗೆ ನಮ್ಮ ಊರ ಬೋರ್‌ವೆಲ್ ಕೈಪಂಪಿನ ಹಿಡಿಯಂಥ ಒಂದು ಹಿಡಿಕೆ. ಸೌದೆ ತುಂಬಲು ಬಂದವರು ಮೊದಲು ಅದನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸುತ್ತಾರೆ. ಒಳಗೆ ಕರಕರ ಸದ್ದು. ನೋಡಿದವರಿಗೆ ಒಲೆಗೆ ಗಾಳಿ ಹೊಡೆಯುತ್ತಿದ್ದಾರೆ ಅನ್ನಿಸಬಹುದು. ಅಲ್ಲ, ಅವರು ಬಾಯ್ಲರನ್ನು ಗುಡಿಸುತ್ತಿದ್ದಾರೆ.

ಆ ಹಿಡಿಕೆ ಯಾಕೆ ಬೇಕಾಯಿತು ಅಂತ ಕೇಳುತ್ತಾ ಹೋದರೆ ಬಾಯ್ಲರ್ ವಿನ್ಯಾಸದ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನಮಗೆ ಬಾಯ್ಲರ್ ಅಂದರೆ ಸ್ನಾನದ ನೀರು. ಅಲ್ಲಿ ಹಾಗಲ್ಲ. ಹೊರಗೆ ಮೈನಸ್ 10 ಡಿಗ್ರಿ, ಒಳಗೆ 20 ಡಿಗ್ರಿ ಬೇಕು. ಗೋಡೆ, ಕಿಟಕಿ, ಚಾವಣಿಯಿಂದ ಶಾಖ ಸೋರುತ್ತಲೇ ಇರುತ್ತದೆ, ಸೋರಿದ್ದನ್ನು ತುಂಬುತ್ತಲೇ ಇರಬೇಕು. ಬಾಯ್ಲರಿನ ಬಿಸಿನೀರು ಪೈಪುಗಳಲ್ಲಿ ಕೋಣೆ ಕೋಣೆಗೂ ಹೋಗಿ, ಅಲ್ಲಿನ ರೇಡಿಯೇಟರಿಗೆ, ಅಂದರೆ ಕೋಣೆಯನ್ನು ಬಿಸಿ ಮಾಡುವ ಲೋಹದ ಫಲಕಕ್ಕೆ, ಶಾಖ ಕೊಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ಸ್ವಲ್ಪ ಹಳೆಯ ಮನೆಗೆ ಅಂಥ ದಿನ 10 ಕಿಲೋವ್ಯಾಟ್ ಬೇಕಾದರೆ ಆಶ್ಚರ್ಯವಿಲ್ಲ. ಅಂದರೆ ನಮ್ಮ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಐದನ್ನು ಹಗಲೂ ರಾತ್ರಿ ಆರಿಸದೆ ಬಿಟ್ಟ ಹಾಗೆ. ದಿನಕ್ಕೆ 240 ಯೂನಿಟ್!

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿದೆ. ಚೂರೂ ಪೋಲಾಗದಿದ್ದರೆ 60 ಕಿಲೋ ಸಾಕು. ಅರ್ಧ ಪೋಲಾದರೆ 120 ಕಿಲೋ. ಆಗಷ್ಟೇ ಕಡಿದ ಹಸಿ ಸೌದೆಯಾದರೆ ಲೆಕ್ಕ ಇನ್ನೂ ಕೆಡುತ್ತದೆ. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ, ಆ ನೀರನ್ನು ಆವಿ ಮಾಡಲಿಕ್ಕೂ ಅದೇ ಬೆಂಕಿ ಬೇಕು. ಮರ ಸೀಳಿ, ಒಂದೆರಡು ವರ್ಷ ಒಣಗಿಸಿ, ಮೆಟ್ಟಿಲಿಳಿದು ಹೊತ್ತು ತಂದವರಿಗೆ ಎಫಿಶಿಯೆನ್ಸಿ ಎಂದರೇನು ಅಂತ ಸೊಂಟವೇ ಹೇಳುತ್ತದೆ.

ಈಗ ನಮ್ಮ ಬಚ್ಚಲ ಒಲೆಗೆ ಬರೋಣ. ಹಂಡೆಯ ತಳ ಯಾಕೆ ಅಷ್ಟು ಕರಿ ಹಿಡಿಯುತ್ತದೆ? ಸೌದೆ ಉರಿಯುತ್ತದೆ ಅಂತ ನಾವು ಹೇಳಿದರೂ ಹೆಚ್ಚಿನಂಶ ಉರಿಯುವುದು ಸೌದೆಯಿಂದ ಹೊರಬಂದ ಅನಿಲ. ಒಣ ಸೌದೆಯ ತೂಕದಲ್ಲಿ ಸುಮಾರು ಶೇ. 80ರಷ್ಟು ಬಿಸಿಯಾದಾಗ ಅನಿಲವಾಗಿ ಹೊರಡುತ್ತದೆ, ಉಳಿದದ್ದು ಕೆಂಡ. ಆ ಅನಿಲ ಪೂರ್ತಿ ಉರಿಯಬೇಕಾದರೆ ಸಾಕಷ್ಟು ಗಾಳಿ ಬೇಕು, ಜಾಸ್ತಿ ಬಿಸಿ ಬೇಕು, ಒಂದಿಷ್ಟು ಸಮಯವೂ ಬೇಕು. ಜ್ವಾಲೆಯ ಹಳದಿ ಬಣ್ಣ ಅಂದರೆ ಇನ್ನೂ ಉರಿದು ಮುಗಿಯದ ಇಂಗಾಲದ ಕಣಗಳು ಕಾದು ಹೊಳೆಯುವುದು. ಅಂಥ ಜ್ವಾಲೆಗೆ ತಣ್ಣನೆಯ ಲೋಹ ಅಡ್ಡ ಬಂದರೆ ಕಣಗಳು ಅಲ್ಲೇ ಕೂರುತ್ತವೆ. ಮೇಣದ ಬತ್ತಿಯ ಮೇಲೆ ಚಮಚ ಹಿಡಿದು ನೋಡಿ, ಕ್ಷಣದಲ್ಲಿ ಕಪ್ಪು. ಹಂಡೆ ಮುಟ್ಟಿದರೆ ಕೈ ಸುಡುತ್ತದೆ ನಿಜ, ಆದರೆ ಒಳಗೆ ನೀರಿರುವ ಕಾರಣ ಅದರ ತಳ ನೂರು ಡಿಗ್ರಿ ದಾಟಿ ಹೆಚ್ಚು ಹೋಗುವುದಿಲ್ಲ. ಸಾವಿರ ಡಿಗ್ರಿಯ ಉರಿಗೆ ಅದು ತಣ್ಣೀರಿದ್ದ ಹಾಗೆ.

ಹಳೆಯ ಕಾಲದ ಮನೆ ಬಾಯ್ಲರುಗಳೂ ಇದೇ ತಪ್ಪು ಮಾಡುತ್ತಿದ್ದವು. ಬೆಂಕಿಯ ಗೂಡಿನ ಸುತ್ತಲೂ ನೀರಿನ ಗೋಡೆ. ಶಾಖ ಬೇಗ ಹೀರಿಕೊಳ್ಳಲಿ ಎಂಬ ಆಸೆ. ಆದದ್ದು ಏನು? ಉರಿ ಅರ್ಧಕ್ಕೇ ಸತ್ತು ಹೊಗೆಯಾಗಿ ಮೇಲೆ ಹೋಯಿತು. ಹೊಗೆ ಅಂದರೆ ಉರಿಯದೇ ಉಳಿದ ಸೌದೆ ಅಲ್ವಾ?

ಹಾಗಾಗಿ ಇಂದಿನ ಒಳ್ಳೆಯ ಸೌದೆ ಬಾಯ್ಲರುಗಳಲ್ಲಿ ಎರಡು ಕೆಲಸಕ್ಕೆ ಎರಡು ಜಾಗ. ಮೊದಲು ಉರಿ ಮುಗಿಯಲಿ, ಆಮೇಲೆ ಶಾಖ ತೆಗೆಯೋಣ. ಮೇಲಿನ ಗೂಡಿಗೆ ಸೌದೆ ತುಂಬುತ್ತಾರೆ. ಅಲ್ಲಿ ಅದು ಕಾದು ಅನಿಲ ಬಿಡುತ್ತದೆ. ಒಂದು ಸಣ್ಣ ಫ್ಯಾನ್ ಆ ಅನಿಲವನ್ನು ಕೆಂಡದ ಮೂಲಕ ಕೆಳಕ್ಕೆ ಎಳೆಯುತ್ತದೆ. ಹೌದು, ಇಲ್ಲಿ ಉರಿ ಕೆಳಮುಖ. ಬೆಂಕಿಗೆ ಸುಡದ ಇಟ್ಟಿಗೆಯಲ್ಲಿ ಮಾಡಿದ ಕಿರಿದಾದ ಬಾಯಿಯೊಂದರಲ್ಲಿ ಅದು ನುಗ್ಗುವಾಗ ಪಕ್ಕದ ತೂತುಗಳಿಂದ ಹೊಸ ಗಾಳಿ ಬಂದು ಬೆರೆಯುತ್ತದೆ. ಕೆಳಗೆ ಇಟ್ಟಿಗೆಯದೇ ಇನ್ನೊಂದು ಗೂಡು. ಅಲ್ಲಿ ಉರಿ ಸಾವಿರ ಡಿಗ್ರಿ ದಾಟುತ್ತದೆ. ಸುತ್ತಲಿನ ಇಟ್ಟಿಗೆಯೂ ಕೆಂಪಗೆ ಕಾದಿರುವುದರಿಂದ ಉರಿಯನ್ನು ತಣಿಸುವವರು ಯಾರೂ ಇಲ್ಲ. ಕುಲುಮೆಯ ಹಾಗೆ ಭೋರ್ಗರೆಯುತ್ತಾ ಉರಿದು ಮುಗಿಯುತ್ತದೆ. ಹೊರಬರುವಾಗ ಹೊಗೆ ಕಾಣುವುದೇ ಅಪರೂಪ.

ಮಸಿಯ ಮೊದಲ ಮದ್ದು ಇದೇ. ಬ್ರಷ್ಷು, ಹಿಡಿಕೆ ಎಲ್ಲ ಆಮೇಲೆ.

ಈಗ ಕೈಯಲ್ಲಿರುವುದು ಕೆಂಪಗೆ ಕಾದ, ಸ್ವಚ್ಛವಾದ ಅನಿಲ. ಅದರಲ್ಲಿನ ಶಾಖವನ್ನು ನೀರಿಗೆ ದಾಟಿಸಬೇಕು. ನಮ್ಮ ಕಡೆಯ ತಾಮ್ರದ ಬಾಯ್ಲರ್ ನೋಡಿದ್ದೀರಲ್ಲ, ನಡುವೆ ಒಂದೇ ಒಂದು ಕೊಳವೆ, ಸುತ್ತ ನೀರು. ಬೆಂಕಿಯ ಬಿಸಿ ಆ ಕೊಳವೆಯಲ್ಲಿ ಸರ್ರನೆ ಮೇಲಕ್ಕೆ ಹೋಗಿಬಿಡುತ್ತದೆ. ಕೊಳವೆಯ ನಡುವಿನಲ್ಲಿ ಹೋಗುವ ಅನಿಲ ಗೋಡೆಯನ್ನು ಮುಟ್ಟುವುದೇ ಇಲ್ಲ.

ಇದಕ್ಕೊಂದು ಉಪಾಯವನ್ನು ರೈಲು ಎಂಜಿನ್ ಮಾಡುವವರು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಬಳಸಿದ್ದರು. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ನಡೆದ ಸ್ಪರ್ಧೆ ಗೆದ್ದ ಸ್ಟೀಫನ್‌ಸನ್ ಅವರ ‘ರಾಕೆಟ್’ ಎಂಜಿನ್ನಿನ ಬಾಯ್ಲರಿನಲ್ಲಿ ಒಂದು ದಪ್ಪ ಕೊಳವೆಯ ಬದಲು 25 ತಾಮ್ರದ ಕೊಳವೆಗಳಿದ್ದವು. ಲಾಭ ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. 150 ಮಿಲಿಮೀಟರ್ ಅಗಲದ ಒಂದು ಕೊಳವೆಯ ಬಾಯಿಗೂ, 30 ಮಿಲಿಮೀಟರಿನ 25 ಕೊಳವೆಗಳ ಬಾಯಿಗಳನ್ನೆಲ್ಲ ಕೂಡಿಸಿದರೆ ಬರುವುದಕ್ಕೂ ಒಂದೇ ವಿಸ್ತೀರ್ಣ. ಆದರೆ ನೀರಿಗೆ ತಾಗುವ ಗೋಡೆ? ಅದು ಐದು ಪಟ್ಟು. ಜಾಗ ಅಷ್ಟೇ, ಶಾಖ ದಾಟುವ ದಾರಿ ಮಾತ್ರ ಐದರಷ್ಟು.

ಹಾಗಿದ್ದರೆ ಇನ್ನೂ ಸಣ್ಣ ಕೊಳವೆ ನೂರು ಹಾಕಬಾರದೇಕೆ? ಹಾಕಬಹುದು. ಕಾಗದದ ಮೇಲೆ ಅದು ಭರ್ಜರಿ ಬಾಯ್ಲರ್. ಮೊದಲ ವಾರ ನಿಜವಾಗಿಯೂ ಭರ್ಜರಿ. ಆಮೇಲೆ ಶುರು ತಾಪತ್ರಯ. ಎಷ್ಟೇ ಚೆನ್ನಾಗಿ ಉರಿಸಿದರೂ ಬೂದಿ ಹಾರುತ್ತದೆ. ಬೆಂಕಿ ಹಚ್ಚಿದ ಮೊದಲ ಅರ್ಧ ಗಂಟೆ, ಇಟ್ಟಿಗೆ ಇನ್ನೂ ಕಾಯದಿದ್ದಾಗ, ಮಸಿಯೂ ಬರುತ್ತದೆ. ಇವೆರಡೂ ಕೂರುವುದು ಎಲ್ಲಿ? ಅನಿಲ ಎಲ್ಲಿ ತಣ್ಣಗಾಗುತ್ತದೋ, ಎಲ್ಲಿ ಸಂದಿ ಕಿರಿದೋ ಅಲ್ಲಿ. ಅಂದರೆ ನಾವು ಶಾಖ ತೆಗೆಯಬೇಕು ಅಂತ ಮಾಡಿಟ್ಟ ಜಾಗದಲ್ಲೇ.

ಮಸಿ ಬರೀ ಕೊಳಕಾಗಿದ್ದರೆ ಸುಮ್ನೆ ಬಿಡಬಹುದಿತ್ತು. ಆದರೆ ಅದು ಕಂಬಳಿ. ಸಡಿಲವಾದ ಮಸಿಯ ಪದರದಲ್ಲಿ ಶಾಖ ದಾಟುವುದು ಉಕ್ಕಿಗೆ ಹೋಲಿಸಿದರೆ ನೂರಾರು ಪಟ್ಟು ಕಷ್ಟ. ಒಂದು ಮಿಲಿಮೀಟರ್ ಮಸಿ ಕೂತರೂ ನೀರಿಗೆ ಹೋಗಬೇಕಾದ ಶಾಖ ಚಿಮಣಿ ಹತ್ತುತ್ತದೆ. ಬಾಯ್ಲರ್ ನೋಡಿಕೊಳ್ಳುವವರ ಬಳಿ ಇದಕ್ಕೊಂದು ಸುಲಭದ ಲೆಕ್ಕವಿದೆ. ಚಿಮಣಿಗೆ ಹೋಗುವ ಹೊಗೆಯ ಬಿಸಿ ಮೊದಲಿದ್ದದ್ದಕ್ಕಿಂತ ಪ್ರತಿ 20 ಚಿಲ್ಲರೆ ಡಿಗ್ರಿ ಏರಿದಾಗಲೂ ಶೇ. 1ರಷ್ಟು ಎಫಿಶಿಯೆನ್ಸಿ ಕೈಬಿಟ್ಟಿತು ಅಂತ. 150 ಡಿಗ್ರಿ ಇರಬೇಕಾದ ಹೊಗೆ 260ಕ್ಕೆ ಹೋದರೆ ಸುಮಾರು ಶೇ. 5 ಹೋಯಿತು.

ನನಗೆ ಇಲ್ಲೊಂದು ತಕರಾರಿದೆ. ಯುರೋಪಿನಲ್ಲಿ ಇಂಥ ಬಾಯ್ಲರುಗಳನ್ನು ಇಎನ್ 303-5 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ಮಾಡುತ್ತಾರೆ. ಅದರ ಐದನೇ ದರ್ಜೆಗೆ 20 ಕಿಲೋವ್ಯಾಟಿನ ಬಾಯ್ಲರ್ ಶೇ. 88ರಷ್ಟು ಎಫಿಶಿಯೆನ್ಸಿ ತೋರಿಸಬೇಕು. ಒಳ್ಳೆಯದೇ. ಆದರೆ ಅದು ಪ್ರಯೋಗಾಲಯದ, ಶುಚಿಯಾದ ಬಾಯ್ಲರಿನ ಅಂಕ. ಮನೆಯವರಿಗೆ ಬೇಕಾದದ್ದು ಫೆಬ್ರವರಿಯ ಅಂಕ. ನಾಲ್ಕು ತಿಂಗಳು ಉರಿದು, ಎರಡು ವಾರದಿಂದ ಯಾರೂ ಬಾಗಿಲು ತೆಗೆದು ನೋಡದ ಬಾಯ್ಲರಿನ ಅಂಕ. ಗುಡಿಸಲು ಕಷ್ಟವಾದ ಬಾಯ್ಲರನ್ನು ಯಾರೂ ಗುಡಿಸುವುದಿಲ್ಲ. ಬ್ರೋಷರಿನಲ್ಲಿ 92 ಇದ್ದು ಫೆಬ್ರವರಿಯಲ್ಲಿ 80ಕ್ಕೆ ಇಳಿಯುವುದಕ್ಕಿಂತ, ಯಾವಾಗಲೂ 88ರ ಆಸುಪಾಸಿನಲ್ಲೇ ಇರುವುದು ನನ್ನ ಲೆಕ್ಕದಲ್ಲಿ ಮೇಲು.

ಈಗ ಹಿಡಿಕೆಯ ಸರದಿ. ಕೊಳವೆಗಳನ್ನು ತೀರಾ ಸಣ್ಣದು ಮಾಡುವಂತಿಲ್ಲ, ಕಟ್ಟಿಕೊಳ್ಳುತ್ತವೆ. ದಪ್ಪ ಮಾಡಿದರೆ ನಡುವಿನ ಅನಿಲ ಗೋಡೆ ಮುಟ್ಟದೇ ಜಾರಿಹೋಗುತ್ತದೆ. ಆದ್ದರಿಂದ ದಪ್ಪ ಕೊಳವೆಯನ್ನೇ ಇಟ್ಟು, ಅದರೊಳಗೆ ತಿರುಚಿದ ಲೋಹದ ಪಟ್ಟಿಯನ್ನೋ ಸುರುಳಿ ಸ್ಪ್ರಿಂಗನ್ನೋ ಇಳಿಬಿಟ್ಟರು. ಅನಿಲ ನೇರವಾಗಿ ಹೋಗಲಾರದೆ ಸುತ್ತುತ್ತಾ, ಗೋಡೆಗೆ ಉಜ್ಜಿಕೊಳ್ಳುತ್ತಾ ಹೋಗುತ್ತದೆ. ಕೊಳವೆ ಸಣ್ಣದು ಮಾಡದೆಯೇ ಶಾಖ ಚೆನ್ನಾಗಿ ದಾಟಿತು. ಇಷ್ಟಕ್ಕೇ ನಿಂತಿದ್ದರೆ ಗುಡಿಸುವ ಕೆಲಸ ಇನ್ನೂ ತಲೆನೋವಾಗುತ್ತಿತ್ತು, ಪ್ರತಿ ಸಲವೂ ಆ ಸುರುಳಿಗಳನ್ನು ಹೊರಗೆ ತೆಗೆಯಬೇಕಲ್ಲ. ಆದರೆ ಆ ಸುರುಳಿ ಮೇಲೆ ಕೆಳಗೆ ಆಡಿದರೆ ಕೊಳವೆಯ ಒಳಗೋಡೆಯನ್ನು ಅದೇ ಕೆರೆಯುತ್ತದೆ! ಎಲ್ಲ ಸುರುಳಿಗಳನ್ನೂ ಮೇಲೊಂದು ಸರಳಿಗೆ ಕಟ್ಟಿ, ಸರಳಿನ ತುದಿಯನ್ನು ಹೊರಗೆ ತಂದರೆ ಅದೇ ಹಿಡಿಕೆ. ಶಾಖ ತೆಗೆಯಲು ಇಟ್ಟ ಭಾಗವೇ ಪೊರಕೆಯೂ ಆಯಿತು. ಇಂಥ ಉಪಾಯ ಕಂಡಾಗ ಎಂಜಿನಿಯರುಗಳ ಮೇಲೆ ಪ್ರೀತಿ ಬರುತ್ತದೆ.

ಇದು ಕೆಲಸ ಮಾಡಬೇಕಾದರೆ ಕೊಳವೆಗಳು ಲಂಬವಾಗಿ ನಿಂತಿರಬೇಕು. ಕೆರೆದದ್ದು ತಾನಾಗಿ ಕೆಳಗಿನ ಬೂದಿ ಗೂಡಿಗೆ ಉದುರುತ್ತದೆ. ಅಡ್ಡ ಮಲಗಿದ ಕೊಳವೆಯಲ್ಲಿ ಕೆರೆದರೂ ಬೂದಿ ಅಲ್ಲೇ ಬಿದ್ದಿರುತ್ತದೆ, ಎಳೆದು ತೆಗೆಯಬೇಕು. ಉಗಿ ಎಂಜಿನ್ನುಗಳ ಉದ್ದುದ್ದ ಅಡ್ಡ ಕೊಳವೆಗಳನ್ನು ಗುಡಿಸುವುದು ಲೋಕೋ ಶೆಡ್ಡುಗಳಲ್ಲಿ ಒಂದು ಪ್ರತ್ಯೇಕ ಕೆಲಸವೇ ಆಗಿತ್ತು. ಮನೆಯಲ್ಲಿ ಅದಕ್ಕೆ ಯಾರಿದ್ದಾರೆ?

ಇನ್ನು ಬಾಗಿಲುಗಳ ವಿಷಯ. ಹಿಡಿಕೆ ಇದ್ದರೂ ಆಗಾಗ ಬ್ರಷ್ ಹಾಕಲೇಬೇಕು. ಮೇಲಿನ ಮುಚ್ಚಳ ತೆಗೆದರೆ ಎಲ್ಲ ಕೊಳವೆಗಳ ಬಾಯಿಯೂ ಕಾಣಬೇಕು, ಬ್ರಷ್ ನೇರವಾಗಿ ತಳದವರೆಗೆ ಹೋಗಬೇಕು. ಸೊಟ್ಟ ದಾರಿ ಇದ್ದರೆ ಅಲ್ಲಿ ಕೈ ಹೋಗುವುದಿಲ್ಲ, ಮಸಿ ಹೋಗುತ್ತದೆ. ಮುಚ್ಚಳಕ್ಕೆ ಹತ್ತು ಬೋಲ್ಟ್ ಇದ್ದರೆ ಅದನ್ನು ವರ್ಷಕ್ಕೊಮ್ಮೆ ತೆಗೆಯುವುದೂ ಅನುಮಾನ. ಚಾವಣಿ ತಗ್ಗಾಗಿದ್ದರೆ ಉದ್ದನೆಯ ಬ್ರಷ್ ಮೇಲೆತ್ತಲಿಕ್ಕೇ ಜಾಗ ಇರುವುದಿಲ್ಲ. ಈ ಯೋಚನೆ ಬಾಯ್ಲರ್ ತಂದಿಟ್ಟ ಮೇಲೆ ಬಂದರೆ ಏನೂ ಮಾಡಲಾಗದು. ಹಾಗಂತ ಎಲ್ಲೆಂದರಲ್ಲಿ ಬಾಗಿಲು ಇಡಲೂ ಆಗದು. ಪ್ರತಿ ಬಾಗಿಲೂ ಬೇಡದ ಗಾಳಿ ಒಳನುಗ್ಗುವ ಸಂದಿ. ಆ ಗಾಳಿ ಉರಿಗೆ ಸಹಾಯ ಮಾಡುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತುಕೊಂಡು ಚಿಮಣಿಯಿಂದ ಹೊರಟುಹೋಗುತ್ತದೆ. ಬಾಗಿಲಿನ ಅಂಚಿಗೆ ಗಾಜಿನ ನಾರಿನ ಹಗ್ಗ ಕೂರಿಸಿ ಬಿಗಿ ಮಾಡುತ್ತಾರೆ. ಅದು ಗಟ್ಟಿಯಾಗಿ ಚಪ್ಪಟೆಯಾದರೆ ಬದಲಾಯಿಸಬೇಕು.

ಒಣ ಮಸಿಯನ್ನು ಹೀಗೆ ಗುಡಿಸಬಹುದು. ಡಾಂಬರನ್ನು ಗುಡಿಸಲಾಗದು. ಸೌದೆಯ ಹೊಗೆಯಲ್ಲಿ ನೀರಾವಿ, ಆಮ್ಲ, ಡಾಂಬರಿನಂಥ ಜಿಡ್ಡು ಎಲ್ಲ ಇರುತ್ತವೆ. ಗೋಡೆ ತೀರಾ ತಣ್ಣಗಿದ್ದರೆ ಇವು ಬೆವರಿನ ಹಾಗೆ ಅದರ ಮೇಲೆ ಇಳಿಯುತ್ತವೆ. ಆಮೇಲೆ ಅದು ಗಟ್ಟಿಯಾಗಿ ಮೆತ್ತಿಕೊಂಡರೆ ಯಾವ ಹಿಡಿಕೆಗೂ ಜಗ್ಗದು. ಉಕ್ಕನ್ನು ತಿನ್ನುತ್ತದೆ. ಚಿಮಣಿಯೊಳಗೆ ಬೆಂಕಿ ಹೊತ್ತಿಕೊಳ್ಳಲೂ ಇದೇ ಕಾರಣ. ರೇಡಿಯೇಟರುಗಳಿಂದ ತಣ್ಣಗಾಗಿ ಬಂದ ನೀರನ್ನು ಹಾಗೇ ಬಾಯ್ಲರಿಗೆ ಬಿಟ್ಟರೆ ಗೋಡೆ ತಣ್ಣಗಾಗುತ್ತದೆ. ಅದಕ್ಕೇ ಒಂದು ವಾಲ್ವ್ ಇಟ್ಟು, ಆ ನೀರಿಗೆ ಬಿಸಿನೀರು ಬೆರೆಸಿ, 55ರಿಂದ 60 ಡಿಗ್ರಿ ಆದ ಮೇಲೇ ಒಳಗೆ ಬಿಡುತ್ತಾರೆ.

ಡಾಂಬರಿಗೆ ಇನ್ನೊಂದು ಕಾರಣ ಮನುಷ್ಯನ ಸ್ವಭಾವ. ರಾತ್ರಿ ಎದ್ದು ಸೌದೆ ಹಾಕುವವರು ಯಾರು ಅಂತ ಗೂಡು ತುಂಬಿ, ಗಾಳಿ ಬಾಯಿ ಮುಚ್ಚಿ ಮಲಗುವುದು. ಬೆಂಕಿ ಆರುವುದಿಲ್ಲ, ಉರಿಯುವುದೂ ಇಲ್ಲ, ಬೆಳಗಿನವರೆಗೂ ಹೊಗೆಯಾಡುತ್ತದೆ. ಇದಕ್ಕೆ ಪರಿಹಾರ ದೊಡ್ಡ ನೀರಿನ ಟ್ಯಾಂಕ್. ಬೆಂಕಿಯನ್ನು ಪೂರ್ತಿ ಜೋರಾಗಿ ಉರಿಸಿ ಮುಗಿಸಿಬಿಡುವುದು, ಬಂದ ಶಾಖವನ್ನು ಟ್ಯಾಂಕಿನಲ್ಲಿ ಕೂಡಿಟ್ಟು ಬೇಕಾದಷ್ಟೇ ತೆಗೆಯುವುದು. 1000 ಲೀಟರ್ ನೀರನ್ನು 35 ಡಿಗ್ರಿಯಿಂದ 85ಕ್ಕೆ ಏರಿಸಿದರೆ ಅದರಲ್ಲಿ 58 ಯೂನಿಟ್ ಶಾಖ ಕೂತಿರುತ್ತದೆ, ಹೆಚ್ಚುಕಡಿಮೆ 17 ಕಿಲೋ ಸೌದೆಯ ಫಲ. ಕೈಯಿಂದ ಸೌದೆ ತುಂಬುವ ಬಾಯ್ಲರಿಗೆ ಪ್ರತಿ ಕಿಲೋವ್ಯಾಟಿಗೆ ಕನಿಷ್ಠ 55 ಲೀಟರ್ ಟ್ಯಾಂಕ್ ಇರಬೇಕೆಂದು ಜರ್ಮನಿಯಲ್ಲಿ ನಿಯಮವೇ ಇದೆ. ಟ್ಯಾಂಕ್ ಹಾಕಿಸಲು ಜನ ಹಿಂದೆಮುಂದೆ ನೋಡುತ್ತಾರೆ, ಜಾಗವೂ ದುಡ್ಡೂ ಬೇಕಲ್ಲ. ಆದರೆ ಬಾಯ್ಲರ್ ಶುಚಿಯಾಗಿರಲು ಬ್ರಷ್ಷಿಗಿಂತ ಹೆಚ್ಚು ಉಪಕಾರ ಮಾಡುವುದು ಅದೇ.

ನೀರಿನ ಕಡೆಯ ಕಥೆ ಸಣ್ಣದು. ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಬೆಳ್ಳಗೆ ಸುಣ್ಣ ಕಟ್ಟುವುದು ನಮಗೆಲ್ಲ ಗೊತ್ತು. ಇಲ್ಲಿ ಹಾಗಾಗದು, ಯಾಕೆಂದರೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದರಲ್ಲಿದ್ದ ಸುಣ್ಣ ಒಂದು ಸಲ ಕೂತು ಮುಗಿಯಿತು, ಆಮ್ಲಜನಕ ಒಂದು ಸಲ ತುಕ್ಕು ಹಿಡಿಸಿ ಮುಗಿಯಿತು. ಸ್ನಾನಕ್ಕೆ ಬೇರೆ ಟ್ಯಾಂಕ್. ಶುಚಿ ಮಾಡುತ್ತೇನೆಂದು ಆ ನೀರನ್ನು ವರ್ಷ ವರ್ಷ ಬದಲಾಯಿಸುವುದೇ ತಪ್ಪು.

ಹೊಗೆಯ ಕೊಳವೆಯ ಮೇಲೆ ಒಂದು ಥರ್ಮಾಮೀಟರ್ ಇದ್ದರೆ ಯಾವಾಗ ಗುಡಿಸಬೇಕು ಎಂಬ ಪ್ರಶ್ನೆಯೂ ಉಳಿಯುವುದಿಲ್ಲ. ಗುಡಿಸಿದ ದಿನ ಮುಳ್ಳು ಎಲ್ಲಿತ್ತು ಅಂತ ಗುರುತು ಹಾಕಿಟ್ಟುಕೊಂಡರೆ ಸಾಕು. ಅದು ದಿನೇ ದಿನೇ ಮೇಲೆ ಸರಿಯುತ್ತಿದ್ದರೆ ಒಳಗೆ ಕಂಬಳಿ ಬೆಳೆಯುತ್ತಿದೆ.

ಸೌದೆಯ ಬದಲು ಮರದ ಹೊಟ್ಟಿನ ಉಂಡೆ ಉರಿಸುವ ಬಾಯ್ಲರುಗಳಲ್ಲಿ ಈಗ ಆ ಹಿಡಿಕೆಯೇ ಕಾಣುವುದಿಲ್ಲ. ಸುರುಳಿಗಳು ಒಳಗೆ ಹಾಗೇ ಇವೆ, ಅವನ್ನು ಒಂದು ಮೋಟಾರು ಹೊತ್ತುಹೊತ್ತಿಗೆ ಆಡಿಸುತ್ತದೆ. ನೆಲಮಾಳಿಗೆಯಿಂದ ಎರಡು ನಿಮಿಷ ಕರಕರ ಸದ್ದು ಬಂದು ನಿಲ್ಲುತ್ತದೆ. ಮನೆಯವರಿಗೆ ಉಳಿದದ್ದು ಕೆಲವು ವಾರಕ್ಕೊಮ್ಮೆ ಬೂದಿಯ ಡಬ್ಬ ಹೊತ್ತುಕೊಂಡು ಮೆಟ್ಟಿಲು ಹತ್ತುವ ಕೆಲಸ.