ಆ ಮೂರು ಎಂದರೇನು?

ಹತ್ತನೇ ತರಗತಿಯ ಪ್ರಾಜೆಕ್ಟ್ ಪುಸ್ತಕ ತಿದ್ದುತ್ತಿದ್ದೆ. 'ಕರ್ನಾಟಕದಲ್ಲಿ 406 ಹುಲಿಗಳಿವೆ, ಇದು ದೇಶದಲ್ಲೇ ಅತಿ ಹೆಚ್ಚು' ಎಂಬ ವಾಕ್ಯದ ಕೊನೆಗೆ ನೀಲಿ ಪೆನ್ನಿನಲ್ಲಿ ದುಂಡಗೆ [3] ಎಂದು ಬರೆದಿತ್ತು. ವಿಕಿಪೀಡಿಯದ ಪುಟವನ್ನು ಹುಡುಗಿ ಒಂದಕ್ಷರ ಬಿಡದೆ ನಕಲು ಮಾಡಿದ್ದಳು, ಉಲ್ಲೇಖದ ಸಂಖ್ಯೆಯೂ ಜೊತೆಗೇ ಬಂದಿತ್ತು. ಏನಮ್ಮಾ ಇದು ಎಂದು ಕೇಳಿದರೆ, "ಅಲ್ಲಿ ಹಾಗೇ ಇತ್ತು ಮಿಸ್" ಎಂದಳು. ತಪ್ಪು ಅವಳದಲ್ಲ. ವಿಕಿಪೀಡಿಯ ನಂಬಬೇಡಿ ಎಂದು ನಾವು ವರ್ಷಗಟ್ಟಲೆ ಹೇಳಿದ್ದೇವೆ, ಆ ಮೂರು ಏನೆಂದು ಹೇಳಿಕೊಟ್ಟಿಲ್ಲ.

ಯಾರು ಬೇಕಾದರೂ ಬರೆದು ತಿದ್ದಬಹುದಾದ ಈ ವಿಶ್ವಕೋಶ ಶುರುವಾದದ್ದು 2001ರ ಜನವರಿಯಲ್ಲಿ, ಕನ್ನಡದ್ದು 2003ರಲ್ಲಿ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರಿಗೆ ಕೆನಡಿ ಹತ್ಯೆಯ ಕಳಂಕ ಹಚ್ಚಿದ ಸುಳ್ಳು ಬರಹ ಅಲ್ಲಿ ತಿಂಗಳುಗಟ್ಟಲೆ ಹಾಗೇ ಇತ್ತು. ಅದೇ ವರ್ಷ 'ನೇಚರ್' ಪತ್ರಿಕೆ 42 ವಿಜ್ಞಾನ ಲೇಖನಗಳನ್ನು ತಜ್ಞರಿಂದ ಪರಿಶೀಲಿಸಿತು. ವಿಕಿಪೀಡಿಯದಲ್ಲಿ ಲೇಖನಕ್ಕೆ ಸುಮಾರು ನಾಲ್ಕು ತಪ್ಪು, ಹೆಸರಾಂತ ಬ್ರಿಟಾನಿಕಾ ವಿಶ್ವಕೋಶದಲ್ಲಿ ಸುಮಾರು ಮೂರು. ಬ್ರಿಟಾನಿಕಾ ಇದನ್ನು ಒಪ್ಪಲಿಲ್ಲ.

ಮೇಷ್ಟರುಗಳ ಎಚ್ಚರಿಕೆ ನಿಯಮದ ರೂಪ ಪಡೆದದ್ದು ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನಲ್ಲಿ. ಜಪಾನ್ ಇತಿಹಾಸದ ಪರೀಕ್ಷೆಯಲ್ಲಿ ಐದಾರು ವಿದ್ಯಾರ್ಥಿಗಳು, 17ನೇ ಶತಮಾನದ ಶಿಮಾಬಾರಾ ದಂಗೆಗೆ ಜೆಸುಯಿಟ್ ಪಾದ್ರಿಗಳ ಬೆಂಬಲವಿತ್ತು ಎಂದು ಬರೆದರು. ಬೆಂಬಲ ಕೊಡುವ ಸ್ಥಿತಿಯಲ್ಲಿ ಆಗ ಪಾದ್ರಿಗಳೇ ಇರಲಿಲ್ಲ. ಎಲ್ಲರ ತಪ್ಪಿನ ಮೂಲ ಒಂದೇ ವಿಕಿಪೀಡಿಯ ಪುಟ. 2007ರಲ್ಲಿ ಇತಿಹಾಸ ವಿಭಾಗ, ಇನ್ನು ವಿಕಿಪೀಡಿಯವನ್ನು ಆಧಾರವಾಗಿ ಕೊಡಬಾರದು ಎಂದು ತೀರ್ಮಾನಿಸಿತು. ಗಮನಿಸಿ, ಓದಬಾರದು ಎಂದಲ್ಲ. ವಿಕಿಪೀಡಿಯ ಕೂಡ ತನ್ನ ಬಗ್ಗೆ ಹೇಳಿಕೊಳ್ಳುವುದು ಅದನ್ನೇ. ಆದರೆ ಈ ಮಾತು ಶಾಲೆಗಳಿಗೆ ಬರುವಷ್ಟರಲ್ಲಿ 'ತೆರೆಯಲೇಬೇಡಿ' ಎಂದಾಗಿತ್ತು. ಮಕ್ಕಳು ತೆರೆದರು, ನಮಗೆ ಹೇಳಲಿಲ್ಲ ಅಷ್ಟೇ.

ಇನ್ನೊಂದು ದಾರಿ ಪ್ರಶ್ನಾವಳಿಯದು. 2004ರಲ್ಲಿ ಕ್ಯಾಲಿಫೋರ್ನಿಯಾದ ಚಿಕೊ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಬಂದ ಪಟ್ಟಿ ಬಹಳ ಪ್ರಸಿದ್ಧವಾಯಿತು: ಬರೆದವರು ಯಾರು, ಯಾವಾಗ, ಯಾವ ಉದ್ದೇಶಕ್ಕೆ? ಪ್ರಶ್ನೆಗಳೇನೋ ಸರಿ. ಆದರೆ ಮಗು ಉತ್ತರವನ್ನು ಅದೇ ಪುಟದಲ್ಲಿ ಹುಡುಕುತ್ತದೆ. ಮೋಸ ಮಾಡುವವನು ತನ್ನ ಪುಟವನ್ನು ಚೆನ್ನಾಗಿಯೇ ಸಿಂಗರಿಸಿರುತ್ತಾನೆ.

ಇದು ಬಯಲಾದದ್ದು ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. 10 ಇತಿಹಾಸಕಾರರು, ಸುದ್ದಿಯ ನಿಜಾಂಶ ಪರೀಕ್ಷಿಸುವ 10 ವೃತ್ತಿಪರ ಸತ್ಯಶೋಧಕರು, 25 ವಿದ್ಯಾರ್ಥಿಗಳು. ಅವರ ಮುಂದೆ ಮಕ್ಕಳ ವೈದ್ಯರ ಎರಡು ಸಂಘಗಳ ಪುಟಗಳು: ಒಂದು 60,000ಕ್ಕೂ ಹೆಚ್ಚು ಸದಸ್ಯರ ಹಳೆಯ ಸಂಸ್ಥೆ, ಇನ್ನೊಂದು ಅದರಿಂದ 2002ರಲ್ಲಿ ಸಿಡಿದುಹೋದ ಪುಟ್ಟ ಗುಂಪು. ಯಾವುದನ್ನು ಹೆಚ್ಚು ನಂಬಬಹುದು ಎಂಬುದು ಪ್ರಶ್ನೆ. ವಿದ್ಯಾರ್ಥಿಗಳು ಲಾಂಛನ, ವಿನ್ಯಾಸ, ಜಾಹೀರಾತು ಇಲ್ಲದ್ದನ್ನು ನೋಡಿ ಮರುಳಾದರು. ಇತಿಹಾಸಕಾರರಲ್ಲೂ ಅರ್ಧ ಮಂದಿ ಎಡವಿದರು. ಸತ್ಯಶೋಧಕರು ಮಾತ್ರ ಪುಟವನ್ನು ಓದುತ್ತಾ ಕೂರಲಿಲ್ಲ. ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಮೊದಲು ವಿಚಾರಿಸಿದರು. ಹಾಗೆ ವಿಚಾರಿಸಲು ಹಲವು ಸಲ ಅವರು ಹೋದದ್ದು ವಿಕಿಪೀಡಿಯಕ್ಕೇ, ಅಲ್ಲೂ ನೇರವಾಗಿ ಅಡಿಯ ಉಲ್ಲೇಖಗಳಿಗೆ! ಹೆಣ್ಣು ಕೊಡುವ ಮುಂಚೆ ಹುಡುಗನ ಊರಿನಲ್ಲಿ ನಾಲ್ಕು ಜನರನ್ನು ಕೇಳುವ ನಮಗೆ ಇದು ಹೊಸ ವಿದ್ಯೆಯೇನಲ್ಲ.

ನಮ್ಮ ನೆರೆಯ ಕೇರಳದ ಕಣ್ಣೂರು ಜಿಲ್ಲೆ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ನಡೆಸಿತು. ಲಸಿಕೆಯ ವದಂತಿಗಳು ಅದಕ್ಕೆ ಕಾರಣ.

ಕನ್ನಡದಲ್ಲಿ ತೊಡಕು ಇನ್ನೂ ಒಂದಿದೆ. ಒಂದೇ ಬರಹ ಐದಾರು ತಾಣಗಳಲ್ಲಿ ಅಚ್ಚೊತ್ತಿದಂತೆ ಸಿಗುತ್ತದೆ. ಐದು ಕಡೆ ಇದೆ ಎಂದು ಮಗು ನಂಬುತ್ತದೆ, ಐದೂ ಒಂದೇ ಕಡೆಯಿಂದ ಬಂದಿರುತ್ತವೆ. ವಿಕಿಪೀಡಿಯ ಪುಟದಲ್ಲಾದರೆ ಯಾರು ಯಾವಾಗ ಏನು ಬದಲಿಸಿದರು ಎಂಬ 'ಇತಿಹಾಸ'ವಾದರೂ ಇರುತ್ತದೆ. ಈ ತಾಣಗಳಲ್ಲಿ ಅದೂ ಇಲ್ಲ.

ಮರುದಿನ ಹುಡುಗಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಆ ಮೂರನ್ನು ಒತ್ತು ಎಂದೆ. 2014ರ ಹುಲಿ ಗಣತಿಯ ಸುದ್ದಿ ತೆರೆದುಕೊಂಡಿತು. ಆ ಲೆಕ್ಕಕ್ಕೆ 406 ಸರಿಯೇ, ಮೊದಲ ಸ್ಥಾನವೂ ಸರಿಯೇ. ಇನ್ನೊಂದು ಟ್ಯಾಬ್‌ನಲ್ಲಿ ಹುಡುಕಿದಳು: 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563, ಮಧ್ಯಪ್ರದೇಶಕ್ಕೆ 785. ಪುಸ್ತಕದಲ್ಲಿ 406ನ್ನು ಹೊಡೆದುಹಾಕಲು ಪೆನ್ನೆತ್ತಿದವಳು ತಡೆದಳು. ಅದರ ಹಿಂದೆ '2014ರಲ್ಲಿ' ಎಂದು ಸೇರಿಸಿ, ಕೆಳಗೆ ಹೊಸ ಸಾಲು ಶುರುಮಾಡಿದಳು.