ಚೌತಿಯ ಖತಖತೆಗೆ 21 ತರಕಾರಿ ಬೇಕೇ ಬೇಕಾ?

ಖತಖತೆ ಅಂದರೆ ಹಲವು ತರಕಾರಿ, ಬೇಳೆ, ಕಾಯಿ ಹಾಕಿ ಮಾಡುವ ಕೊಂಕಣಿ ಅಡುಗೆ. ಚೌತಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದವರು ಬೆಂಗಳೂರಿನ ಓದುಗರು: "ಎಷ್ಟು ಹುಡುಕಿದರೂ 13 ತರಕಾರಿ ಅಷ್ಟೇ ಸಿಕ್ಕಿತು. ಖತಖತೆ ಮಾಡಬಹುದಾ, ಬಿಡಬೇಕಾ?"

ಮಾಡಿ. 13 ಇದ್ದರೂ ಮಾಡಿ, 5 ಇದ್ದರೂ ಮಾಡಿ. ಪ್ರತಿ ವರ್ಷ ಇದನ್ನೇ ಹೇಳಿ ಹೇಳಿ ಸಾಕಾಗಿದೆ.

21 ಗಣಪತಿಗೆ ಪ್ರಿಯವಾದ ಸಂಖ್ಯೆ, ಒಪ್ಪಿದೆ. 21 ಗರಿಕೆ, 21 ಮೋದಕ, 21 ಬಗೆ ಪತ್ರೆ. ಅದು ಪೂಜೆಯ ಲೆಕ್ಕ, ಅಡುಗೆಯದ್ದಲ್ಲ. ಗೋವಾದಿಂದ ಕಾರವಾರ, ಕುಮಟೆಯ ತನಕ ಖತಖತೆ ಮಾಡುವ ಕೊಂಕಣಿಗರ ಮನೆಗಳಲ್ಲಿ ಒಬ್ಬರ ಪಟ್ಟಿ ಇನ್ನೊಬ್ಬರದ್ದಕ್ಕೆ ತಾಳೆಯಾಗುವುದಿಲ್ಲ. 5 ಹಾಕುವವರಿದ್ದಾರೆ, 7 ಹಾಕುವವರಿದ್ದಾರೆ. 21 ಹಾಕುವವರು ಧಾರಾಳವಾಗಿ ಹಾಕಲಿ, ಅದು ಅವರ ಮನೆಯ ಪದ್ಧತಿ. ಆದರೆ ಕಡಿಮೆಯಾದರೆ ನೈವೇದ್ಯಕ್ಕೆ ಆಗಲ್ಲ ಅಂತ ಹೊಸದಾಗಿ ಮಾಡುವವರನ್ನು ಹೆದರಿಸಬೇಡಿ.

ಲೆಕ್ಕ ತುಂಬಿಸಲು ಹೋದರೆ ಏನಾಗುತ್ತದೆ ನೋಡಿ. ಒಂದೊಂದು ತರಕಾರಿ ಬರೀ 50 ಗ್ರಾಂ ಹಾಕಿದರೂ ಒಂದು ಕಿಲೋ ದಾಟುತ್ತದೆ. ಅದರ ಮೇಲೆ ಬೇಳೆ, ಕಾಯಿ. ನಾಲ್ಕು ಜನರ ಮನೆಯಲ್ಲಿ ಅಷ್ಟು ಖರ್ಚಾಗುತ್ತಾ? ಊರ ತರಕಾರಿ ಮುಗಿದ ಮೇಲೆ ಕೈ ಹೋಗುವುದು ಎಲೆಕೋಸು, ಹೂಕೋಸು, ದೊಣ್ಣಮೆಣಸಿನಕಾಯಿ ಕಡೆಗೆ. ಮೂರಕ್ಕೂ ಜೋರು ವಾಸನೆ. ತೆಪ್ಪಲದ (ಕೊಂಕಣಿ ಅಡುಗೆಗೆ ಹಾಕುವ ಪುಟ್ಟ ಘಮದ ಕಾಯಿ) ಘಮ ಮುಚ್ಚಿಹೋಗುತ್ತದೆ. ತೆಪ್ಪಲದ ಘಮವಿಲ್ಲದಿದ್ದರೆ ಅದು ತರಕಾರಿ ಹುಳಿ, ಖತಖತೆ ಅಲ್ಲ.

ಎಣಿಸುವುದು ಬಿಟ್ಟು ಬಗೆ ನೋಡಿ. ಸುವರ್ಣಗೆಡ್ಡೆ ಅಥವಾ ಕೆಸುವಿನ ಗೆಡ್ಡೆ ಇರಲಿ. ಸಿಹಿಗೆ ಗೆಣಸು ಅಥವಾ ಕುಂಬಳಕಾಯಿ. ಚೀಪಲು ನುಗ್ಗೆಕಾಯಿ, ಮೆಕ್ಕೆಜೋಳದ ತುಂಡು. ಬಾಳೆಕಾಯಿ, ಅಲಸಂದೆ, ನೆನೆಸಿದ ಬಟಾಣಿ. ಅಮಟೆಕಾಯಿ ಸಿಕ್ಕರೆ ಬಹಳ ಒಳ್ಳೆಯದು. ಗಟ್ಟಿಯಾದವು ಮೊದಲು ಬೇಯಲಿ, ಮೆತ್ತಗಿನವು ಆಮೇಲೆ. ಬೆಂದ ತೊಗರಿಬೇಳೆ ಸೇರಿಸಿ. ಕಾಯಿತುರಿ, ಬ್ಯಾಡಗಿ ಮೆಣಸು, ಅರಿಶಿನ, ಹುಣಸೆ ನುಣ್ಣಗೆ ರುಬ್ಬಿ ಹಾಕಿ. ತರಕಾರಿ ಪೂರ್ತಿ ಬೆಂದ ಮೇಲೇ ಈ ಮಸಾಲೆ ಹಾಕಬೇಕು, ಹುಳಿ ಬಿದ್ದ ಮೇಲೆ ಗೆಡ್ಡೆ ಬೇಗ ಮೆತ್ತಗಾಗಲ್ಲ. ಚೂರು ಬೆಲ್ಲ, ಉಪ್ಪು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಿದ್ದ ಮಾತು. 21ರ ಚಿಂತೆಯಲ್ಲಿ ತೆಪ್ಪಲವನ್ನೇ ಹಾಳು ಮಾಡುವವರು ಜಾಸ್ತಿ. ಒಣ ತೆಪ್ಪಲದ ಒಳಗಿನ ಕಪ್ಪು ಬೀಜ ತೆಗೆದು ಬಿಸಾಡಿ, ಘಮ ಇರುವುದು ಸಿಪ್ಪೆಯಲ್ಲಿ. ಮಸಾಲೆ ಜೊತೆ ರುಬ್ಬಬೇಡಿ, ಕಹಿಯಾಗುತ್ತದೆ. ಎಂಟು-ಹತ್ತು ಸಿಪ್ಪೆ ಜಜ್ಜಿ, ಸ್ವಲ್ಪ ನೀರಲ್ಲಿ ನೆನೆಸಿ, ಕೊನೆಯ ಕುದಿಯಲ್ಲಿ ನೀರಿನ ಸಮೇತ ಹಾಕಿ. ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚಿಡಿ. ಒಗ್ಗರಣೆ ಬೇಡ, ಸಾಸಿವೆ-ಇಂಗಿನ ವಾಸನೆ ಇದಕ್ಕೆ ಒಗ್ಗುವುದಿಲ್ಲ. ಬಾಯಿಗೆ ಸಿಕ್ಕ ಸಿಪ್ಪೆ ಜಗಿದರೆ ನಾಲಿಗೆ ಜುಮ್ಮೆನ್ನುತ್ತದೆ, ಮಕ್ಕಳಿಗೆ ಬಡಿಸುವಾಗ ಆರಿಸಿ ತೆಗೆಯಿರಿ.

ಬೆಂಗಳೂರಿನಲ್ಲಾದರೆ ತೆಪ್ಪಲಕ್ಕೆ ಕರಾವಳಿ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಕೊಳ್ಳುವ ಮುಂಚೆ ಒಂದು ಸಿಪ್ಪೆ ಉಗುರಲ್ಲಿ ಒತ್ತಿ ಮೂಸಿ. ನಿಂಬೆಯಂಥ ಘಮ ಬರದಿದ್ದರೆ ಅದು ಹಳೇ ಮಾಲು, ತಗೋಬೇಡಿ.