ಆಟೋಲೋಡ್ ಆಯ್ತು ಅಂದರೆ ಡ್ರೈವರ್ ಹೊಂದಿತು ಅಂತಲ್ಲ

ಹಾಸನ, ಚಿಕ್ಕಮಗಳೂರು ಕಡೆ ಕಾಫಿ ಖರೀದಿಯ ಅಂಗಡಿಗಳಲ್ಲಿ ತೂಕದ ಯಂತ್ರವನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸುವವರು ಪದೇ ಪದೇ ಹೇಳುವ ಮಾತು ಇದು: "ತೂಕದ ಯಂತ್ರದ ಡ್ರೈವರ್ ಆಟೋಲೋಡ್ ಆಗ್ತಿಲ್ಲ." ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ.

ಚಿಕ್ಕದನ್ನು ಮೊದಲು ಮುಗಿಸೋಣ. ಕರ್ನಲ್ (ಲಿನಕ್ಸ್‌ನ ತಿರುಳು) ಬಳಸುವ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಪ್ರೋಗ್ರಾಂ, ಇರುವುದು ಯುಎಸ್‌ಬಿ-ಸೀರಿಯಲ್ ಕೇಬಲ್‌ನೊಳಗಿನ ಚಿಪ್‌ಗೆ, ತೂಕದ ಯಂತ್ರಕ್ಕಲ್ಲ. ಆರ್‌ಎಸ್-232 ಎಂಬ ಸೀರಿಯಲ್ ತಂತಿಯ ಆ ತುದಿಯಲ್ಲಿ ತಕ್ಕಡಿ ಇದೆಯೋ ತೇವಾಂಶ ಮೀಟರ್ ಇದೆಯೋ ಕರ್ನಲ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಟಿಟಿವೈಯುಎಸ್‌ಬಿ0 ಎಂಬ ಪೋರ್ಟ್ ಅಷ್ಟೇ ಕಾಣುತ್ತದೆ. ಬಾಡ್ ರೇಟ್ (ತಂತಿಯಲ್ಲಿ ಮಾಹಿತಿ ಹರಿಯುವ ವೇಗ) ಹೊಂದಿಸಿ ತೂಕ ಓದುವುದು ಬಿಲ್ಲಿಂಗ್ ಸಾಫ್ಟ್‌ವೇರ್‌ನ ಕೆಲಸ.

ದೊಡ್ಡ ತಪ್ಪು 'ಆಟೋಲೋಡ್' ಎಂಬ ಪದದ್ದು. ಕೇಬಲ್ ಚುಚ್ಚಿದಾಗ ಕರ್ನಲ್ ಅದರ ಗುರುತು ಓದಿ ಮಾಡ್‌ಅಲಿಯಾಸ್ ಎಂಬ ಒಂದು ಸಾಲು ಕಟ್ಟುತ್ತದೆ. ಎಫ್‌ಟಿಡಿಐ ಕಂಪನಿಯ ಚಿಪ್ ಆದರೆ ಅದರಲ್ಲಿ ವಿ0403, ಪಿ6001 ಎಂದಿರಬಹುದು: ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ. ಆ ಸಾಲು ಡಿವೈಸ್‌ಗಳನ್ನು ನೋಡಿಕೊಳ್ಳುವ ಯೂಡೆವ್ ಎಂಬ ಪ್ರೋಗ್ರಾಂಗೆ ಹೋಗುತ್ತದೆ. ಯೂಡೆವ್ ಅದನ್ನು ಡೆಪ್‌ಮಾಡ್ ಎಂಬ ಪ್ರೋಗ್ರಾಂ ತಯಾರಿಸಿಟ್ಟ ಅಲಿಯಾಸ್ ಪಟ್ಟಿಯಲ್ಲಿ (ಯಾವ ಗುರುತಿಗೆ ಯಾವ ಮಾಡ್ಯೂಲ್ ಎಂಬ ಪಟ್ಟಿ) ಹುಡುಕಿಸಿ, ಸಿಕ್ಕ ಮಾಡ್ಯೂಲನ್ನು (ಡ್ರೈವರ್ ಇರುವ ಫೈಲನ್ನು) ಮೆಮೊರಿಗೆ ತರಿಸುತ್ತದೆ. ಆಟೋಲೋಡ್ ಅಂದರೆ ಇಷ್ಟೇ. ಅದು ಇಲ್ಲಿಗೇ ಮುಗಿಯುತ್ತದೆ.

ಮ್ಯಾಚ್ ಅನ್ನೋದು ಬೇರೆ. ಮಾಡ್ಯೂಲ್ ಬಂದ ಮೇಲೆ ಕರ್ನಲ್ ಅದರ ಐಡಿ ಪಟ್ಟಿಯನ್ನು ಡಿವೈಸ್ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಮಾತ್ರ ಡ್ರೈವರ್‌ನ ಪ್ರೋಬ್ (ಡಿವೈಸನ್ನು ವಹಿಸಿಕೊಳ್ಳುವ ಭಾಗ) ಓಡುತ್ತದೆ, ಆಮೇಲೆ ಪೋರ್ಟ್ ಹುಟ್ಟುತ್ತದೆ. ಡ್ರೈವರ್‌ನ ಅದೇ ಐಡಿ ಪಟ್ಟಿಯಿಂದಲೇ ಅಲಿಯಾಸ್ ಪಟ್ಟಿಯೂ ತಯಾರಾಗುವುದರಿಂದ ಎರಡೂ ಒಂದೇ ಕೆಲಸ ಅನ್ನಿಸಿಬಿಡುತ್ತದೆ. ಗೊಂದಲದ ಬೇರು ಇಲ್ಲೇ ಇದೆ.

ಎರಡೂ ಬೇರೆ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಕೆಲವು ತಯಾರಕರು ಎಫ್‌ಟಿಡಿಐ ಚಿಪ್‌ಗೆ ತಮ್ಮದೇ ಉತ್ಪನ್ನ ಸಂಖ್ಯೆ ಬರೆದಿರುತ್ತಾರೆ. ಆ ಸಂಖ್ಯೆ ಪಟ್ಟಿಯಲ್ಲಿಲ್ಲ, ಹಾಗಾಗಿ ಏನೂ ಲೋಡ್ ಆಗುವುದಿಲ್ಲ. ಆಗ ಜನ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟು ಎಫ್‌ಟಿಡಿಐ ಮಾಡ್ಯೂಲ್ ತರಿಸುತ್ತಾರೆ. ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ ಎಲ್‌ಎಸ್‌ಮಾಡ್‌ನಲ್ಲಿ ಹೆಸರು ಕಾಣುತ್ತದೆ, ಪೋರ್ಟ್ ಮಾತ್ರ ಬರುವುದಿಲ್ಲ. "ಲೋಡ್ ಆಗಿದೆ, ಆದ್ರೂ ಕೆಲಸ ಮಾಡ್ತಿಲ್ಲ" ಎಂದು ಕರ್ನಲನ್ನೇ ಬೈಯುತ್ತಾರೆ. ಲೋಡ್ ಆಗಿದೆ ನಿಜ, ಆದರೆ ಮ್ಯಾಚ್ ಆಗಿಲ್ಲ ಅಲ್ವಾ? ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಡಿವೈಸ್, ಡ್ರೈವರ್‌ಗಳನ್ನು ಫೈಲುಗಳಾಗಿ ತೋರಿಸುವ ಜಾಗ) ಆ ಡ್ರೈವರ್‌ನ ನ್ಯೂಐಡಿ ಫೈಲಿಗೆ ತಯಾರಕರ ಮತ್ತು ಉತ್ಪನ್ನದ ಸಂಖ್ಯೆ ಬರೆದರೆ ತಕ್ಷಣ ಪೋರ್ಟ್ ಬರುತ್ತದೆ. ನ್ಯೂಐಡಿ ಬದಲಿಸುವುದು ಮ್ಯಾಚ್ ಪಟ್ಟಿಯನ್ನು ಮಾತ್ರ, ಅಲಿಯಾಸ್ ಪಟ್ಟಿಯನ್ನಲ್ಲ. ಹಾಗಾಗಿ ಮುಂದಿನ ಬೂಟ್‌ನಲ್ಲಿ ಮಾಡ್ಯೂಲೂ ತಾನಾಗಿ ಬರುವುದಿಲ್ಲ, ಬರೆದ ಸಂಖ್ಯೆಯೂ ಉಳಿದಿರುವುದಿಲ್ಲ.

ಕೇಬಲ್‌ಗೆ ಗುರುತು ಇದೆ. ಬರೀ ಸೀರಿಯಲ್ ತಂತಿಗೆ ಅದೂ ಇಲ್ಲ. ಹಳೆಯ ಸೀರಿಯಲ್ ಟಚ್‌ಸ್ಕ್ರೀನ್‌ಗೆ ಇನ್‌ಪುಟ್‌ಅಟ್ಯಾಚ್ ಎಂಬ ಪ್ರೋಗ್ರಾಂ "ಇದು ಇಂಥ ಜಾತಿಯದು" ಎಂದು ಹೇಳಿಕೊಡಬೇಕು. ಆಗ ಕರ್ನಲ್‌ನೊಳಗೆ ಸೀರಿಯೋ ಎಂಬ ಪೋರ್ಟ್ ಹುಟ್ಟಿ, ಅದರದೇ ಮಾಡ್‌ಅಲಿಯಾಸ್ ಹೊರಡುತ್ತದೆ. 2017ರಲ್ಲಿ, 4.11ನೇ ಕರ್ನಲ್‌ನಲ್ಲಿ ಬಂದ ಸರ್‌ಡೆವ್ ಎಂಬ ವ್ಯವಸ್ಥೆ ಬೋರ್ಡ್ ಮೇಲಿನ ಬ್ಲೂಟೂತ್, ಜಿಪಿಎಸ್‌ನಂಥ ಚಿಪ್‌ಗಳ ಗುರುತನ್ನು ಡಿವೈಸ್ ಟ್ರೀ ಇಲ್ಲವೇ ಎಸಿಪಿಐ ಎಂಬ ಹಾರ್ಡ್‌ವೇರ್ ವಿವರಣೆಯಿಂದ ತಿಳಿಯುತ್ತದೆ.

ಹಾಗಾಗಿ ಮಾಡ್ಯೂಲ್ ಹೆಸರನ್ನು ಸುಮ್ನೆ ಬೂಟ್ ಫೈಲಿಗೆ ಸೇರಿಸಬೇಡಿ. ಮೊದಲು ಡಿಮೆಸೇಜ್ (ಕರ್ನಲ್‌ನ ಸಂದೇಶಗಳು) ನೋಡಿ. ಕನ್ವರ್ಟರ್ ಟಿಟಿವೈಯುಎಸ್‌ಬಿ0ಗೆ ಸೇರಿತು ಎಂದಿದ್ದರೆ ಎರಡೂ ಕೆಲಸ ಮುಗಿದಿವೆ. ಆಮೇಲೂ ಪೋರ್ಟ್ ತೆರೆಯದಿದ್ದರೆ, ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ಸಂಖ್ಯೆ ಪಟ್ಟಿಯಲ್ಲೇ ಇಲ್ಲದಿದ್ದರೆ, ಮಾಡ್‌ಪ್ರೋಬ್ ಮತ್ತು ನ್ಯೂಐಡಿ ಎರಡನ್ನೂ ಒಂದೇ ಯೂಡೆವ್ ರೂಲ್‌ನಲ್ಲಿ ಬರೆದಿಡಿ, ಜೊತೆಗೆ ಆ ಸಂಖ್ಯೆಯನ್ನು ಕರ್ನಲ್‌ನ ಯುಎಸ್‌ಬಿ ತಂಡಕ್ಕೆ ಪ್ಯಾಚ್ ಆಗಿ ಕಳಿಸಿ.